ಬಡೋದೆಯ ಫ್ರೆಂಚ್ ಪೀಠ: ಶ್ರೀ ಅರವಿಂದರ ಅಧ್ಯಾಪನದ ಮೊದಲ ವರ್ಷಗಳು

ಶ್ರೀ ಅರವಿಂದರು ಯೋಗಿಗಳೆಂದೂ ರಾಷ್ಟ್ರನಾಯಕರೆಂದೂ ಕನ್ನಡಿಗರಿಗೆ ಸುಪರಿಚಿತರು. ಅವರ ಕೃತಿಯೊಂದನ್ನು ‘ಭಾರತೀಯ ನವಜನ್ಮ’ವೆಂಬ ಹೆಸರಿನಿಂದ ಬೇಂದ್ರೆಯವರು ಕನ್ನಡಕ್ಕೆ ತಂದರು, ರಂಗನಾಥ ದಿವಾಕರರು ಅವರ ಜೀವನಚರಿತ್ರೆಯನ್ನು ಬರೆದರು. ಆದರೆ ಅವರು ಕಾಲೇಜಿನ ಅಧ್ಯಾಪಕ ಪೀಠವನ್ನು ಮೊದಲು ಏರಿದುದು ಫ್ರೆಂಚ್ ಭಾಷೆಯನ್ನು ಕಲಿಸಲೆಂಬ ಸಂಗತಿ ಅಷ್ಟಾಗಿ ಲಕ್ಷ್ಯಕ್ಕೆ ಬಂದಿಲ್ಲ.

ಈ ವೃತ್ತಾಂತದ ಮೂಲವು ನಾಸಿಕ ಜಿಲ್ಲೆಯಲ್ಲಿದೆ. ಮಾಲೆಗಾಂವ ತಾಲೂಕಿನ ಕವಳಾಣೆಯಲ್ಲಿ 1863ರಲ್ಲಿ ಜನಿಸಿ, ಅಕ್ಷರಜ್ಞಾನವಿಲ್ಲದೆ ಬೆಳೆದ ಗೋಪಾಲರಾವನೆಂಬ ಬಾಲಕನು 1875ರಲ್ಲಿ ಬಡೋದೆಯ ಅರಸುಮನೆತನಕ್ಕೆ ದತ್ತಕನಾಗಿ ಹೋದನು. ಅವರೇ ಮೂರನೆಯ ಸಯಾಜಿರಾವ ಗಾಯಕವಾಡರು. ತಮಗೆ ತಡವಾಗಿ ದೊರೆತ ವಿದ್ಯೆಯ ಬೆಲೆಯನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. 1893ರಲ್ಲಿ ಅಮರೇಲಿಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಪ್ರಯೋಗವನ್ನು ಆರಂಭಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಅರವಿಂದರು ಅವರ ಸೇವೆಗೆ ಸೇರಿದರು.

ಅರವಿಂದರ ಶಿಕ್ಷಣವು ವಿಚಿತ್ರವಾದುದು. ಮಕ್ಕಳಿಗೆ ಭಾರತೀಯ ಸಂಪರ್ಕವೇ ಇರಬಾರದೆಂಬ ತಂದೆಯ ಇಚ್ಛೆಯಂತೆ, 7ನೆಯ ವಯಸ್ಸಿನಲ್ಲಿಯೇ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮ್ಯಾಂಚೆಸ್ಟರಿನಲ್ಲಿ ಲ್ಯಾಟಿನ್ ಮತ್ತು ಫ್ರೆಂಚ್, ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಗ್ರೀಕ್ ಅವರಿಗೆ ಒಲಿದವು. ಕೇಂಬ್ರಿಜ್ಜಿನಲ್ಲಿ 1892ರಲ್ಲಿ ಪ್ರಥಮ ದರ್ಜೆಯನ್ನು ತಂದುಕೊಟ್ಟುದು ಗ್ರೀಕ್ ಮತ್ತು ಲ್ಯಾಟಿನ್, ಫ್ರೆಂಚ್ ಅಲ್ಲ. ಅದನ್ನು ಅವರು ಬಾಲ್ಯದಿಂದ ಓದಿ ತಮ್ಮದಾಗಿಸಿಕೊಂಡಿದ್ದರು. ಮಾತೃಭಾಷೆಯಾದ ಬಂಗಾಲಿ ಮಾತ್ರ ದೂರವೇ ಉಳಿಯಿತು.

ಬಡೋದೆಯಲ್ಲಿ ಮೊದಲು ಭೂಮಾಪನ, ಕಂದಾಯ ಮುಂತಾದ ಇಲಾಖೆಗಳಲ್ಲಿ ದುಡಿದ ಅವರನ್ನು 1897ರಲ್ಲಿ ಕಾಲೇಜಿನಲ್ಲಿ ಫ್ರೆಂಚ್ ಪಾಠ ಹೇಳಲು ನಿಯಮಿಸಲಾಯಿತು. ಮರುವರ್ಷ ಅವರು ಇಂಗ್ಲಿಷಿನ ಹಂಗಾಮಿ ಪ್ರಾಧ್ಯಾಪಕರಾದರು. ಮುಂದೆ ಉಪಪ್ರಾಂಶುಪಾಲರೂ ಆದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪರಭಾಷೆಯನ್ನು ಕಲಿಸುತ್ತಿದ್ದ ಆ ವರ್ಷಗಳಲ್ಲಿಯೇ ಅಧ್ಯಾಪಕರು ಸ್ವಭಾಷೆಯ ವಿದ್ಯಾರ್ಥಿಯಾಗಿದ್ದರು. ಸಂಸ್ಕೃತ, ಮರಾಠಿ, ಗುಜರಾತಿಗಳ ಅಭ್ಯಾಸದೊಡನೆ ಬಂಗಾಲಿಯನ್ನೂ ಅವರು ಕೈಗೆತ್ತಿಕೊಂಡರು. 1898ರಲ್ಲಿ ದೀನೇಂದ್ರಕುಮಾರ ರಾಯರೆಂಬ ಲೇಖಕರು ಬಡೋದೆಗೆ ಬಂದು ಆ ವ್ಯಾಸಂಗಕ್ಕೆ ನೆರವಾದರು.

ಅದೇ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದ ಡಾ. ಅಂಬೇಡ್ಕರರ ಅನುಭವವು ಬೇರೆ ಬಗೆಯದು. ಅರವಿಂದರಿಗೆ ತಾಯ್ನುಡಿ ತಪ್ಪಿದುದು ತಂದೆಯ ಇಚ್ಛೆಯಿಂದ. ಅಂಬೇಡ್ಕರರಿಗೆ ಶಾಲೆಯಲ್ಲಿ ಸಂಸ್ಕೃತದ ಬಾಗಿಲು ಮುಚ್ಚಿದುದು ಜಾತಿಯಿಂದ. ಅವರು ಪಾರ್ಸಿಯನ್ನು ಓದಬೇಕಾಯಿತು. ನಾಸಿಕದ ಕಾಳಾರಾಮ ದೇವಾಲಯದ ಮುಚ್ಚಿದ ಬಾಗಿಲಿನೆದುರು 1930ರಲ್ಲಿ ಸತ್ಯಾಗ್ರಹವನ್ನು ಹೂಡಿದ ಅವರೇ, 1950ರಲ್ಲಿ ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಕಾಲೇಜೊಂದನ್ನು ತೆರೆದರು. ಬೌದ್ಧ ಭಿಕ್ಷುವಿನೊಡನೆ ಸಂವಾದ ನಡೆಸಿದ ಯವನ ದೊರೆ ಮಿಲಿಂದನ ಹೆಸರು ಅದಕ್ಕೆ ಬಂದಿತು.

ಅರವಿಂದರ ಫ್ರೆಂಚ್ ಜ್ಞಾನವೂ ವ್ಯರ್ಥವಾಗಲಿಲ್ಲ. 1910ರಲ್ಲಿ ಅವರು ಆಶ್ರಯ ಪಡೆದುದು ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯಲ್ಲಿ. 1914ರಲ್ಲಿ ಆರಂಭವಾದ ‘ಆರ್ಯ’ ಪತ್ರಿಕೆಗೆ ಫ್ರೆಂಚ್ ಆವೃತ್ತಿಯೂ ಇದ್ದಿತು.

ಪರಭಾಷೆಯ ಸಾಹಿತ್ಯದಲ್ಲಿ ಪಾರಂಗತನಾಗುವುದು ಸ್ವಭಾಷೆಯನ್ನು ತೊರೆಯುವುದಕ್ಕೆ ಸಮಾನವಲ್ಲವೆಂಬುದನ್ನು ಬಡೋದೆಯ ಆ ವರ್ಷಗಳು ತೋರಿಸುತ್ತವೆ. ನಾಡಿನಿಂದ ದೂರವಿದ್ದು, ಅನ್ಯಭಾಷೆಯಲ್ಲಿ ದುಡಿಯುತ್ತ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಳ್ಳಬೇಕಾದವರಿಗೆ, ಹಗಲು ಫ್ರೆಂಚ್ ಕಲಿಸಿ ತಾನು ಬಂಗಾಲಿ ಕಲಿತ ಆ ಅಧ್ಯಾಪಕರ ದೃಷ್ಟಾಂತವು ಹತ್ತಿರದ್ದಾಗಿದೆ.