ಗ್ಲೆನ್‌ಕೋ ಕಣಿವೆಯ ಗೇಲಿಕ್ ಸ್ಥಳನಾಮಗಳು

ಗ್ಲೆನ್‌ಕೋ ಸ್ಕಾಟ್ಲೆಂಡಿನ ಪಶ್ಚಿಮ ಹೈಲ್ಯಾಂಡ್ಸ್‌ನಲ್ಲಿರುವ, ಹಿಮನದಿಗಳು ಕೊರೆದ ಕಣಿವೆ. ಪುರಾತನ ಜ್ವಾಲಾಮುಖಿಯ ಶಿಲೆಗಳಿಂದಾದ ಇಲ್ಲಿನ ಬೆಟ್ಟ, ಬಂಡೆ, ತೊರೆಗಳ ಹೆಸರುಗಳಲ್ಲಿ ಹೆಚ್ಚಿನವು ಗೇಲಿಕ್ ಭಾಷೆಯವು. ದಾಲ್ ರಿಯಾಟ ಎಂಬ ಪ್ರಾಚೀನ ಗೇಲಿಕ್ ರಾಜ್ಯದ ಕಾಲದಿಂದಲೂ ಈ ಪಶ್ಚಿಮ ಕರಾವಳಿಯ ಮಾತು ಅದೇ ಆಗಿತ್ತು.

ಹೆಸರಿಟ್ಟವರು ಕಣಿವೆಯ ತಳದಲ್ಲಿ ದನ ಸಾಕಿಕೊಂಡಿದ್ದ ಜನ. ಬೇಸಿಗೆ ಬಂದರೆ ಜಾನುವಾರುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಗುಡಿಸಲು ಹಾಕಿ ತಂಗುತ್ತಿದ್ದರು. ಆದ್ದರಿಂದ ಬೆಟ್ಟದ ಹೆಸರುಗಳಲ್ಲಿ ಕೆಳಗಿನಿಂದ ಕಂಡ ನೋಟವೂ ಮೇವಿನ ಲೆಕ್ಕಾಚಾರವೂ ಬೆರೆತಿವೆ. ಕಣಿವೆಯ ಪೂರ್ವದ ಬಾಗಿಲಲ್ಲಿ ನಿಂತ 1021 ಮೀಟರ್ ಎತ್ತರದ ಬೆಟ್ಟ ‘ಬೂಅಖಿಲ್ಯ ಎಟಿವ್ ಮೋರ್’, ಅಂದರೆ ಎಟಿವ್ ಕಣಿವೆಯ ದೊಡ್ಡ ದನಗಾಹಿ. ಪಕ್ಕದಲ್ಲೇ ಚಿಕ್ಕ ದನಗಾಹಿಯೂ ಇದ್ದಾನೆ. ‘ಕೊರೆ ಗವಲ್’ ಎಂಬುದು ಹಿಡಿದು ತಂದದ್ದನ್ನು ಇರಿಸುವ ಕೊಳ್ಳ. ಕಣಿವೆಯಲ್ಲಿ ನೆಲೆಸಿದ್ದ ಮ್ಯಾಕ್‌ಡೊನಾಲ್ಡ್ ಕುಲದವರು ಕದ್ದು ತಂದ ದನಗಳನ್ನು ಬಚ್ಚಿಡುತ್ತಿದ್ದ ಜಾಗವದು ಎಂಬ ಪ್ರತೀತಿಯಿದೆ. ಪ್ರವಾಸಿಗರು ಇದನ್ನು ‘ಲಾಸ್ಟ್ ವ್ಯಾಲಿ’ ಎನ್ನುತ್ತಾರೆ. ದನಗಳ ಇಡೀ ಕಥೆ ಆ ಇಂಗ್ಲಿಷ್ ಹೆಸರಿನಲ್ಲಿ ಅಳಿಸಿಹೋಗಿದೆ. ದಕ್ಷಿಣ ದಿಕ್ಕಿನ ಕರಿ ಏಣು, ಗಿಡ್ಡ ಏಣು, ಉದ್ದ ಬೆಟ್ಟ ಎಂಬ ಮೂರು ಸ್ಪಷ್ಟ ಹೆಸರುಗಳನ್ನು ‘ತ್ರೀ ಸಿಸ್ಟರ್ಸ್’ ಎಂದು ಒಂದೇ ಗಂಟಾಗಿ ಕಟ್ಟಿದ್ದೂ ಇಂಥದೇ ನಷ್ಟ.

ಬಣ್ಣದ ಪದಗಳನ್ನು ಎಚ್ಚರದಿಂದ ಓದಬೇಕು. ‘ಗ್ಲಾಸ್’ ಬೂದಿಯೂ ಹೌದು, ಹಸಿರೂ ಹೌದು. ‘ಗೊರಮ್’ ಎಂದರೆ ನೀಲಿ. ಆದರೆ ಚಿಗುರುಹುಲ್ಲಿನ ಬಣ್ಣಕ್ಕೂ ಅದೇ ಪದ. ದೇಹದ ಅಂಗಗಳೂ ಧಾರಾಳವಾಗಿ ಬರುತ್ತವೆ: ಮೂಗು, ಬೆನ್ನು, ತಲೆ. ಕಣಿವೆಯ ಪಶ್ಚಿಮ ತುದಿಯ 742 ಮೀಟರ್ ಎತ್ತರದ ‘ಸ್ಕೋರ್ ನ ಕೀಖ’ ಎಂಬ ಹೆಸರಿನಲ್ಲಿರುವುದು ಸ್ತನ.

ಉತ್ತರ ದಿಕ್ಕಿನ ‘ಸ್ಕೋರ್ ನಮ್ ಫೀಅನಿ’ ಐತಿಹ್ಯದ ವೀರ ಫಿಯೋನನ ಪಡೆಯ ಶಿಖರ. ಎದುರಿನ ಕರಿ ಏಣಿನ ಕಡಿದಾದ ಗೋಡೆಯಲ್ಲಿರುವ ಗವಿಗೆ ಅವನ ಮಗ ಆಸಿಯನ್‌ನ ಹೆಸರು. ಜೇಮ್ಸ್ ಮ್ಯಾಕ್‌ಫರ್ಸನ್ 1760ರ ದಶಕದಲ್ಲಿ ಪ್ರಕಟಿಸಿದ ಆಸಿಯನ್ ಕಾವ್ಯಗಳು ಯುರೋಪನ್ನೆಲ್ಲ ಮರುಳುಮಾಡಿದ ಮೇಲೆ ಇಂಥ ತಾಣಗಳಿಗೆ ಓದುಗರೂ ಯಾತ್ರಿಕರಾಗಿ ಬರತೊಡಗಿದರು. ‘ಗ್ಲೆನ್‌ಕೋ’ ಎಂದರೆ ಕಣ್ಣೀರಿನ ಕಣಿವೆ ಎಂಬ ಜನಪ್ರಿಯ ವಿವರಣೆಯನ್ನು ಮಾತ್ರ ಒಪ್ಪಲಾಗದು. 1692ರ ಫೆಬ್ರವರಿ 13ರಂದು ಸರ್ಕಾರಿ ಸೈನಿಕರು ತಮಗೆ ಆತಿಥ್ಯ ಕೊಟ್ಟಿದ್ದ ಮ್ಯಾಕ್‌ಡೊನಾಲ್ಡರನ್ನೇ ಕೊಂದ ಹತ್ಯಾಕಾಂಡಕ್ಕೆ ಅದನ್ನು ಜೋಡಿಸುತ್ತಾರೆ. ಹೆಸರು ಅದಕ್ಕಿಂತ ಎಷ್ಟೋ ಹಳೆಯದು.

ಬಹುಕಾಲ ಈ ಹೆಸರುಗಳು ಬಾಯಿಮಾತಿನಲ್ಲೇ ಉಳಿದವು. ಬೂಅಖಿಲ್ಯದ ಮಗ್ಗುಲಲ್ಲಿ ಅರಣ್ಯಪಾಲಕನಾಗಿದ್ದ ಕವಿ ಡಂಕನ್ ಬಾನ್ ಮ್ಯಾಕಿಂಟೈರ್ (1724–1812) ಓದುಬರಹ ಬಲ್ಲವನಲ್ಲ. 1768ರಲ್ಲಿ ಅಚ್ಚಾದ ಅವನ ಕವಿತೆಗಳು, ಕೊಳ್ಳ-ಕೋಡುಗಳನ್ನು ಹೆಸರು ಹಿಡಿದು ಬಲ್ಲವರ ನೆನಪಿನ ಆಳ ಎಷ್ಟೆಂದು ತೋರಿಸುತ್ತವೆ. 19ನೆಯ ಶತಮಾನದಲ್ಲಿ ಆರ್ಡ್‌ನೆನ್ಸ್ ಸರ್ವೆ ಇಲಾಖೆಯ ಮೋಜಣಿದಾರರು ಬಂದರು. ಇವರಲ್ಲಿ ಬಹುಪಾಲು ಜನಕ್ಕೆ ಗೇಲಿಕ್ ತಿಳಿಯದು. ಕಾಗುಣಿತಕ್ಕೆ ಜಮೀನ್ದಾರರು, ಪಾದ್ರಿಗಳು, ಶಾಲಾಮಾಸ್ತರರ ಸಾಕ್ಷ್ಯ ಪಡೆದು ‘ನೇಮ್ ಬುಕ್’ ಎಂಬ ದಾಖಲೆಪುಸ್ತಕಗಳಲ್ಲಿ ಬರೆದುಕೊಂಡರು. ದಿನಾ ಬೆಟ್ಟ ಹತ್ತುತ್ತಿದ್ದ ಕುರುಬನ ಮಾತಿಗೆ ಅಷ್ಟು ತೂಕ ಸಿಗಲಿಲ್ಲ ಎಂಬುದು ವಿಷಾದದ ಸಂಗತಿ. ಆದರೂ ಆ ಪುಸ್ತಕಗಳಿಲ್ಲದಿದ್ದರೆ ಅದೆಷ್ಟೋ ಹೆಸರುಗಳು ಇಂದು ಸಿಗುತ್ತಲೇ ಇರಲಿಲ್ಲ.

ಅಪಭ್ರಂಶಕ್ಕೆ ಸೊಗಸಾದ ನಿದರ್ಶನ, ಹೆದ್ದಾರಿಯ ಮೇಲ್ಗಡೆಯ ‘ದಿ ಸ್ಟಡಿ’ ಎಂಬ ಬಂಡೆ. ಗೇಲಿಕ್‌ನಲ್ಲಿ ಅದು ಮಂಜಿನ ಅಡಿಗಲ್ಲು (ಕಮ್ಮಾರ ಬಳಸುವಂಥ ಅಡಿಗಲ್ಲು). ಸ್ಕಾಟ್ಸ್ ನುಡಿಯಲ್ಲಿ ಅಡಿಗಲ್ಲಿಗೆ ‘ಸ್ಟಡಿ’ ಎಂಬಂಥದೇ ಒಂದು ಪದವಿದೆ. ಅನುವಾದ ಸರಿಯಾಗಿಯೇ ಆಗಿತ್ತು. ಇಂಗ್ಲಿಷ್ ಕಿವಿಗೆ ಬಿದ್ದಾಗ ಅದು ಓದುಕೋಣೆಯಾಯಿತು.

ಶಾಸ್ತ್ರೀಯ ಅಧ್ಯಯನಕ್ಕೆ ಬುನಾದಿ ಹಾಕಿದ್ದು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡಬ್ಲ್ಯು. ಜೆ. ವಾಟ್ಸನ್ 1926ರಲ್ಲಿ ಹೊರತಂದ, ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಚರಿತ್ರೆ. 1951ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಹಿರಿಯರ ಉಚ್ಚಾರಣೆಯನ್ನು ಧ್ವನಿಮುದ್ರಿಸಿಕೊಂಡಿತು. ಕಾಗುಣಿತ ಅನೇಕ ವೇಳೆ ಮರೆಮಾಚುವ ಅರ್ಥವನ್ನು ಬಿಡಿಸಲು ಈ ಧ್ವನಿಗಳೇ ಈಗ ಆಧಾರ. ನಕಾಶೆ, ರಸ್ತೆಫಲಕಗಳ ಗೇಲಿಕ್ ರೂಪಗಳನ್ನು ಇಂದು ನಿಷ್ಕರ್ಷಿಸುವುದು ‘ಆನ್ಮನ್-ಆಚ ನ ಹಾಲಪ’ ಎಂಬ ಸ್ಥಳನಾಮ ಸಂಸ್ಥೆ.