ಕೂತವರ ಬೆನ್ನಿನ ಕಥೆ

ಹಳೆಯ ಹಸ್ತಪ್ರತಿಗಳನ್ನು ಬಿಚ್ಚಿ ನೋಡಿದವರಿಗೆ ಕೊನೆಯ ಗರಿಯಲ್ಲಿ ಕೆಲವೊಮ್ಮೆ ಒಂದು ಸಂಸ್ಕೃತ ಶ್ಲೋಕ ಕಣ್ಣಿಗೆ ಬೀಳುತ್ತದೆ. ಅದು ಗ್ರಂಥಕರ್ತನದಲ್ಲ, ಪ್ರತಿ ಮಾಡಿದ ಲಿಪಿಕಾರನದು. ಬರೆದು ಬರೆದು ತನ್ನ ಬೆನ್ನು, ಸೊಂಟ, ಕತ್ತಿಗೆ ಒದಗಿದ ಪಾಡನ್ನು ತೋಡಿಕೊಂಡು, ಪಟ್ಟ ಶ್ರಮಕ್ಕಾದರೂ ಪುಸ್ತಕವನ್ನು ಜೋಪಾನವಾಗಿಡಿ ಎಂದು ಆತ ಬೇಡಿಕೊಳ್ಳುತ್ತಾನೆ. ದೇಶದ ನಾನಾ ಕಡೆಯ ಹಸ್ತಪ್ರತಿಗಳಲ್ಲಿ ಈ ಅಳಲು ಸಿಗುತ್ತದೆ. ಕಂಪ್ಯೂಟರ್ ಬಂದ ಮೇಲೆಯೇ ಬೆನ್ನುನೋವು ಬಂತೆಂದು ಗೊಣಗುವ ನಾವು ಈ ಅನಾಮಧೇಯ ಲಿಪಿಕಾರರನ್ನು ಒಮ್ಮೆ ನೆನೆಯಬೇಕು.

ಕೂತು ಮಾಡುವ ಕೆಲಸವೂ ಕಾಯಿಲೆ ತರುತ್ತದೆ ಎಂಬುದನ್ನು ವೈದ್ಯಶಾಸ್ತ್ರದ ಪುಸ್ತಕವೊಂದರಲ್ಲಿ ವಿವರವಾಗಿ ಬರೆದವನು ಇಟಲಿಯ ಬರ್ನಾರ್ಡಿನೊ ರಮಾಟ್ಸಿನಿ (1633–1714). ಮೊಡೆನಾ ನಗರದಲ್ಲಿ ವೈದ್ಯನೂ ಪ್ರಾಧ್ಯಾಪಕನೂ ಆಗಿದ್ದ ಈತ 1700ರಲ್ಲಿ ಕೆಲಸಗಾರರ ರೋಗಗಳನ್ನು ಕುರಿತ ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬು ಏನು?’ ಎಂಬುದನ್ನೂ ಸೇರಿಸಬೇಕು ಎಂದವನು ಈತನೇ. ಅದಕ್ಕಾಗಿ ಗಣಿ ಕಾರ್ಮಿಕರಿಂದ ಹಿಡಿದು ಮಲಗುಂಡಿ ಶುಚಿ ಮಾಡುವವರವರೆಗೆ ಎಲ್ಲರನ್ನೂ ಕಂಡು ಮಾತನಾಡಿಸಿದ.

ದರ್ಜಿಗಳು, ಚಮ್ಮಾರರು ದಿನವಿಡೀ ಬಾಗಿ ಕೂತು ಬೆನ್ನು ಗೂನಾಗುವುದನ್ನು ಆತ ಗುರುತಿಸಿದ. ಗುಮಾಸ್ತರ ತೊಂದರೆಗೆ ಮೂರು ಕಾರಣ ಕೊಟ್ಟ: ಎಡೆಬಿಡದೆ ಕೂರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು, ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಬರೆದೂ ಬರೆದೂ ಬಲಗೈ ಸೋತ ನೋಟರಿಯೊಬ್ಬ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದಲ್ಲೇ ಎಡಗೈಗೂ ಅದೇ ಗತಿ ಬಂತು ಎಂದು ರಮಾಟ್ಸಿನಿ ಬರೆದಿದ್ದಾನೆ. ಕೂತು ದುಡಿಯುವವರು ರಜಾದಿನವಾದರೂ ಮೈ ದಣಿಸಲಿ ಎಂಬುದು ಆತನ ಸಲಹೆ. ಇಂದಿನ ಆಫೀಸು ನೌಕರನಿಗೂ ಇದನ್ನು ಹಾಗೆಯೇ ಹೇಳಬಹುದಲ್ಲವೆ?

ಆದರೆ ಇವೆಲ್ಲ ಕಣ್ಣಿಗೆ ಕಂಡ ಮಾತುಗಳು. ಲೆಕ್ಕ ಹಾಕಿ ತೋರಿಸಲು ಇನ್ನೂ ಇನ್ನೂರೈವತ್ತು ವರ್ಷ ಬೇಕಾಯಿತು. ಆ ಕೆಲಸ ನಡೆದದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ಡಾ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 35ರಿಂದ 64 ವಯಸ್ಸಿನ ಸುಮಾರು 31 ಸಾವಿರ ಸಾರಿಗೆ ನೌಕರರ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿ, 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಡ್ರೈವರ್ ಕೂತೇ ಇರುತ್ತಾನೆ. ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಬಸ್ಸು ಒಂದೇ, ಆದರೆ ಹೃದ್ರೋಗ ಹೆಚ್ಚು ಕಾಡಿದ್ದು ಡ್ರೈವರನನ್ನು. ಅಂಚೆ ಇಲಾಖೆಯಲ್ಲೂ ಅಷ್ಟೆ: ಕಾಗದ ಹಂಚುತ್ತ ಓಡಾಡುವ ಪೋಸ್ಟ್‌ಮನ್‌ಗಿಂತ ಕುರ್ಚಿ ಬಿಡದ ಗುಮಾಸ್ತನಿಗೆ ಅಪಾಯ ಹೆಚ್ಚು. ಡ್ರೈವರುಗಳ ದಪ್ಪವೇ ಕಾರಣವಿರಬಹುದೆ ಎಂಬ ಅನುಮಾನ ಬಂದಾಗ ಮಾರಿಸ್ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯನ್ನೂ ತರಿಸಿ ನೋಡಿದರು. ಡ್ರೈವರುಗಳ ಸೊಂಟ ದಪ್ಪವೇ ಇತ್ತು. ಆದರೆ ಅದೊಂದರಿಂದಲೇ ವ್ಯತ್ಯಾಸವೆಲ್ಲ ಬಂದಿರಲಿಲ್ಲ. ವ್ಯಾಯಾಮ ಬಿಡದ ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಹೃದಯದ ಲೆಕ್ಕ ಇಷ್ಟು ಸ್ಪಷ್ಟವಾದರೂ ಬೆನ್ನಿನದು ಅಷ್ಟು ಸುಲಭವಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಬೆನ್ನುಮೂಳೆಯ ಬಿಲ್ಲೆಯೊಳಗೆ ಸೂಜಿ ತೂರಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಒರಗದೆ ಕೂತಾಗ ಒತ್ತಡ ಹೆಚ್ಚೆಂದು ಕಂಡಿತು. ‘ನೆಟ್ಟಗೆ ಕೂರು’ ಎಂಬ ಬೋಧನೆಗೆ ಇದು ಬಲ ಕೊಟ್ಟಿತು. ಆದರೆ 1999ರಲ್ಲಿ ಜರ್ಮನಿಯಲ್ಲಿ ಒಬ್ಬ ವ್ಯಕ್ತಿಯ ಮೇಲೆ ನಡೆದ ಹೊಸ ಅಳತೆಯಲ್ಲಿ ಸಡಿಲವಾಗಿ ಕೂತಾಗ ಒತ್ತಡ ಹೆಚ್ಚಲಿಲ್ಲ. ದಿನವಿಡೀ ಸರಿಯೆನಿಸುವ ಒಂದೇ ಭಂಗಿ ಇಲ್ಲವೆಂಬುದು ಇಂದು ಅನೇಕ ತಜ್ಞರ ಮಾತು. ಎಷ್ಟು ಚೆನ್ನಾಗಿ ಕೂತರೂ ಅಲುಗದಿದ್ದರೆ ಸ್ನಾಯು ಬಿಗಿಯುತ್ತದೆ.

ಚಿಕಿತ್ಸೆಯೂ ಬದಲಾಗಿದೆ. ಹಿಂದೆ ಸೊಂಟ ಹಿಡಿದರೆ ವಾರಗಟ್ಟಲೆ ಹಾಸಿಗೆ ಬಿಟ್ಟೇಳಬಾರದು ಎನ್ನುತ್ತಿದ್ದರು. 1986ರಲ್ಲಿ ಅಮೆರಿಕದ ವೈದ್ಯರು ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಲು ಹೇಳಿಸಿಕೊಂಡವರನ್ನೂ ಹೋಲಿಸಿದರು. ನೋವಿನಲ್ಲಿ ವ್ಯತ್ಯಾಸವಿರಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದ್ದರು. ಈಗಿನ ಸಲಹೆ, ಆದಷ್ಟು ಓಡಾಡಿಕೊಂಡಿರಿ ಎಂಬುದೇ. (ಕಾಲಿಗೆ ಬಲಹೀನತೆ, ಜೋಮು ಬಂದರೆ, ಮೂತ್ರದ ಹತೋಟಿ ತಪ್ಪಿದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಲೇಬೇಕು.) ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ ಮಾಡಿ, ಕೂರುವ ಹೊತ್ತನ್ನು ತಗ್ಗಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಹೇಳುವುದೇನೋ ಸುಲಭ. ನನ್ನಂಥ ವರದಿಗಾರ ಸುದ್ದಿ ಬರೆಯುವುದರ ನಡುವೆ ಎದ್ದುಹೋಗಿ ಚಹಾ ಕುಡಿದು ಬರಬಹುದು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ತುಂಡು ಎಂಬ ಗುರಿ ಹೊತ್ತು ಮೆಷಿನ್ ಮುಂದೆ ಕೂತ ಹೆಣ್ಣುಮಗಳಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ರಮಾಟ್ಸಿನಿ ಕಂಡ ದರ್ಜಿಯ ಬೆನ್ನೇ ಆಕೆಯದೂ. ಇತ್ತ ಬಟ್ಟೆ ಅಂಗಡಿಯಲ್ಲಿ ಮಾರುವವರ ಪಾಡು ಇದಕ್ಕೆ ತಿರುವುಮುರುವು: ಅವರಿಗೆ ದಿನವಿಡೀ ನಿಲ್ಲುವ ಶಿಕ್ಷೆ. ಕೂರುವ ಹಕ್ಕಿಗಾಗಿ ಹೆಂಗಸರು ಹೋರಾಡಿದ ಮೇಲೆ ಕೇರಳ 2018ರಲ್ಲಿ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ಆ ದಾರಿ ಹಿಡಿಯಿತು.

ಬೆನ್ನಿಗೆ ಬೇಕಾದುದು ಒಳ್ಳೆಯ ಕುರ್ಚಿಯೊಂದೇ ಅಲ್ಲ. ಬೇಕೆನಿಸಿದಾಗ ಕೂರುವ, ಬೇಕೆನಿಸಿದಾಗ ಏಳುವ ಅವಕಾಶ. ಪುಸ್ತಕವನ್ನು ಕಾಪಾಡಿ ಎಂದಷ್ಟೇ ಕೇಳಿಕೊಂಡ ಆ ಲಿಪಿಕಾರ, ಬರೆದವನ ಬೆನ್ನನ್ನೂ ಕಾಪಾಡಿ ಎಂದು ಕೇಳಲಿಲ್ಲ. ಆ ಮಾತನ್ನು ಈಗಲಾದರೂ ಕೇಳಬೇಕಾಗಿದೆ.