ಮಕ್ಕಳ ವಯಸ್ಸಿಗೆ ತಕ್ಕ ವೀಡಿಯೊ ಆಟಗಳ ಆಯ್ಕೆ: ಪೋಷಕರಿಗೆ ಮಾಹಿತಿ

1. ಪೀಠಿಕೆ
ಗುತ್ತಲು ಸೇರಿದಂತೆ ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ಭಾಗದ ಅನೇಕ ಮನೆಗಳಲ್ಲಿ ಮಕ್ಕಳು ಆಟವಾಡುವುದು ತಂದೆ ಅಥವಾ ತಾಯಿಯ ಮೊಬೈಲ್ ಫೋನಿನಲ್ಲಿ. ಹಾಲಿನ ಬಟವಾಡೆ, ಕಬ್ಬಿನ ಹಣ ಜಮೆಯಾಗುವ ಬ್ಯಾಂಕ್ ಖಾತೆಯೂ ಅದೇ ಫೋನಿಗೆ ಜೋಡಣೆಯಾಗಿರುತ್ತದೆ. ಆದ್ದರಿಂದ ಆಟದ ಆಯ್ಕೆಯು ಮಗುವಿನ ಮನಸ್ಸಿಗೂ ಕುಟುಂಬದ ಹಣಕ್ಕೂ ಸಂಬಂಧಿಸಿದ ವಿಷಯವಾಗಿದ್ದು, ಪೋಷಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ವಯಸ್ಸಿನ ಅಂಕಿ ಎಂದರೇನು?
ಚಲನಚಿತ್ರಗಳಿಗೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಯು, ಯುಎ, ಎ ಮುಂತಾದ ಪ್ರಮಾಣಪತ್ರ ನೀಡುತ್ತದೆ. ವೀಡಿಯೊ ಆಟಗಳಿಗೆ ನಮ್ಮ ದೇಶದಲ್ಲಿ ಅಂತಹ ಮಂಡಳಿ ಇರುವುದಿಲ್ಲ. ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ ಕಾಣುವ ಅಂಕಿಯು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯದು. ಆಟ ತಯಾರಿಸಿದವರು ಪ್ರಶ್ನಾವಳಿಗೆ ನೀಡುವ ಉತ್ತರಗಳ ಆಧಾರದ ಮೇಲೆ ಅದು ನಿಗದಿಯಾಗುತ್ತದೆ.

3. ವಯೋಮಾನವಾರು ವಿವರ
(ಅ) 3+ : ಭಯ ಹುಟ್ಟಿಸುವ ದೃಶ್ಯ ಅಥವಾ ಕೆಟ್ಟ ಮಾತು ಇರುವುದಿಲ್ಲ.
(ಆ) 7+ : ಚಿಕ್ಕ ಮಕ್ಕಳು ಹೆದರಬಹುದಾದ ಚಿತ್ರ ಅಥವಾ ಶಬ್ದ, ವಾಸ್ತವವಲ್ಲದ ಸೌಮ್ಯ ಹೊಡೆದಾಟ ಇರಬಹುದು.
(ಇ) 12+ : ಕಾಲ್ಪನಿಕ ಹೊಡೆದಾಟ ಹೆಚ್ಚಿರಬಹುದು, ಸ್ವಲ್ಪ ಒರಟು ಮಾತು ಇರಬಹುದು.
(ಈ) 16+ : ನೈಜವಾಗಿ ತೋರುವ ಹಿಂಸೆ, ಕೆಟ್ಟ ಭಾಷೆ ಇರಬಹುದು.
(ಉ) 18+ : ಕ್ರೂರ ಹಿಂಸೆ ಮುಂತಾದವು ಇದ್ದು, ವಯಸ್ಕರಿಗೆ ಮಾತ್ರ. ಉದಾಹರಣೆಗೆ, ಗ್ರ್ಯಾಂಡ್ ಥೆಫ್ಟ್ ಆಟೊ 5 ಆಟಕ್ಕೆ ಯುರೋಪಿನಲ್ಲಿ 18ರ ಶ್ರೇಣಿ ನೀಡಲಾಗಿದೆ.

ಅಂಕಿ ಏನೇ ಇದ್ದರೂ, 2 ವರ್ಷ ತುಂಬದ ಮಕ್ಕಳಿಗೆ ಪರದೆಯನ್ನು ತೋರಿಸಬಾರದೆಂದು, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ.

4. ಅಂಕಿಯೊಂದನ್ನೇ ನಂಬಬಾರದು
ಈ ಅಂಕಿಯು ಪ್ರಧಾನವಾಗಿ ಆಟದ ದೃಶ್ಯ ಮತ್ತು ಮಾತುಗಳನ್ನು ಕುರಿತದ್ದು. 3+ ಎಂದಿರುವ ಆಟವೂ ಕೆಲವೊಮ್ಮೆ ಮಗುವಿಗೆ ತಕ್ಕದ್ದಾಗಿರುವುದಿಲ್ಲ. ಕೆಳಕಂಡ ಮೂರು ಅಂಶಗಳನ್ನು ಪೋಷಕರೇ ಪರಿಶೀಲಿಸತಕ್ಕದ್ದು.
(ಅ) ಹಣ: ಆಟದೊಳಗೆ ನಾಣ್ಯ, ಉಡುಪು, ಆಯುಧ ಇತ್ಯಾದಿ ಖರೀದಿಸಲು ಅವಕಾಶವಿದೆಯೇ?
(ಆ) ಅಪರಿಚಿತರು: ಆಡುವಾಗ ಗೊತ್ತಿಲ್ಲದವರೊಡನೆ ಮಾತನಾಡಲು, ಸಂದೇಶ ಕಳುಹಿಸಲು ಸಾಧ್ಯವೇ?
(ಇ) ಸಮಯ: ಆಟಕ್ಕೆ ಮುಗಿಯುವ ಹಂತವಿದೆಯೇ? ಪ್ರತಿದಿನ ಬಂದರೆ ಬಹುಮಾನವೆಂದು ಕರೆಯುತ್ತದೆಯೇ?

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟವು 2021ರಲ್ಲಿ ಬಿಡುಗಡೆಯಾದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿಯನ್ನೂ ಪೋಷಕರ ದೂರವಾಣಿ ಸಂಖ್ಯೆ ನೀಡಬೇಕೆಂಬ ನಿಯಮವನ್ನೂ ವಿಧಿಸಲಾಗಿತ್ತು. ಮಗು ತನ್ನ ವಯಸ್ಸನ್ನು ಹೆಚ್ಚಿಸಿ ನಮೂದಿಸಿದಲ್ಲಿ ಇಂತಹ ಮಿತಿಗಳು ಫಲಕಾರಿಯಾಗುವುದಿಲ್ಲ. ಆದ್ದರಿಂದ ಹೊಸ ಆಟವನ್ನು ಮೊದಲು ಪೋಷಕರು ಮಗುವಿನ ಜೊತೆ ಕುಳಿತು ಅರ್ಧ ಗಂಟೆ ಆಡಿ ನೋಡುವುದು ಉತ್ತಮ.

5. ಫೋನಿನಲ್ಲಿ ಕೈಗೊಳ್ಳಬೇಕಾದ ಕ್ರಮಗಳು
(ಅ) ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಮಿಲಿ ವಿಭಾಗದಡಿ ಇರುವ ಪೇರೆಂಟಲ್ ಕಂಟ್ರೋಲ್ಸ್ ಚಾಲನೆಗೊಳಿಸಿ, ವಯೋಮಿತಿ ಆರಿಸಿ, ಪಿನ್ ಇಡುವುದು. ಈಗಾಗಲೇ ಫೋನಿನಲ್ಲಿರುವ ಆಟಗಳಿಗೆ, ಸ್ನೇಹಿತರಿಂದ ಪಡೆದ ಎಪಿಕೆ ಕಡತಗಳಿಗೆ ಇದು ಅನ್ವಯಿಸುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.
(ಆ) ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದು.
(ಇ) ಯುಪಿಐ ಪಿನ್ ಮತ್ತು ಒಟಿಪಿಯನ್ನು ಮಕ್ಕಳಿಗೆ ತಿಳಿಸದಿರುವುದು.

6. ಹಣ ಕಟ್ಟಿ ಆಡುವ ಆಟಗಳು
ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಯಾವ ವಯಸ್ಸಿನ ಮಕ್ಕಳಿಗೂ ತಕ್ಕವಲ್ಲ. ದಿನಾಂಕ 22-08-2025ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮ, 2025 ಇಂತಹ ಆಟಗಳನ್ನು ನಿಷೇಧಿಸುತ್ತದೆ. ಅದರಲ್ಲಿನ ಶಿಕ್ಷೆಯು ಆಟ ಒದಗಿಸುವವರಿಗೆ, ಜಾಹೀರಾತು ನೀಡುವವರಿಗೆ, ಹಣ ವರ್ಗಾವಣೆಗೆ ನೆರವಾಗುವವರಿಗೆ, ಆಡಿದವರಿಗಲ್ಲ. ಮಗು ಹಣ ಕಳೆದುಕೊಂಡಿದ್ದಲ್ಲಿ ಪ್ರಕರಣವಾದೀತೆಂದು ಅಥವಾ ಮಾನ ಹೋದೀತೆಂದು ಅಂಜಿ ಪೋಷಕರು ವಿಷಯ ಮುಚ್ಚಿಡುವ ಅಗತ್ಯವಿಲ್ಲ.

7. ನೆರವಿಗಾಗಿ ಸಂಪರ್ಕಿಸಿ
(ಅ) ಆನ್‌ಲೈನ್‌ನಲ್ಲಿ ವಂಚನೆಯಿಂದ ಹಣ ಹೋದಲ್ಲಿ: 1930. ತಡಮಾಡದೆ ಕರೆ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.
(ಆ) ಮಗುವಿಗೆ ಬೆದರಿಕೆ ಅಥವಾ ಕಿರುಕುಳ: ಮಕ್ಕಳ ಸಹಾಯವಾಣಿ 1098.
(ಇ) ಆಟ ಬಿಡಲಾಗದೆ ನಿದ್ರೆ, ಊಟ, ಶಾಲೆ ತಪ್ಪುತ್ತಿದ್ದಲ್ಲಿ: ಟೆಲಿ ಮಾನಸ್ 14416. ಇಂತಹ ತೊಂದರೆಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಶಟ್ ಕ್ಲಿನಿಕ್ ಆರಂಭವಾಗಿದೆ.

ಮಗು ತಾನಾಗಿ ಬಂದು ತಪ್ಪು ಹೇಳಿಕೊಂಡಾಗ ಮೊದಲು ಸಮಾಧಾನದಿಂದ ಕೇಳಿ, ನಂತರ ಮುಂದಿನ ಕ್ರಮ ಕೈಗೊಳ್ಳಬೇಕೆಂದು ಪೋಷಕರಲ್ಲಿ ಕೋರಲಾಗಿದೆ.